ದೂರದ ಯುದ್ಧ, ಹತ್ತಿರದ ಹತ್ತಿ

ಮುಂಬಯಿಯ ಹಾರ್ಬರ್ ಮಾರ್ಗದ ರೈಲಿನಲ್ಲಿ ಪ್ರಯಾಣ ಮಾಡಿದವರೆಲ್ಲರೂ ‘ಕಾಟನ್ ಗ್ರೀನ್’ ಎಂಬ ನಿಲ್ದಾಣದ ಹೆಸರನ್ನು ಓದಿರುತ್ತಾರೆ. ಹತ್ತಿಯ ಹಸುರು ಬಯಲು ಎಂಬುದು ಆ ಹೆಸರಿನ ಅರ್ಥ. ಇಂದು ಅಲ್ಲಿ ಇಳಿದು ನೋಡಿದರೆ ಅಂಥ ಬಯಲು ಕಾಣುವುದಿಲ್ಲ. ಆದರೂ ಹೆಸರು ಉಳಿದುಕೊಂಡಿದೆ. ಈ ಹೆಸರು ಒಂದೇ ಕಡೆ ನಿಂತದ್ದೂ ಅಲ್ಲ. ಮೊದಲು ಅದು ಕೋಟೆಯೊಳಗೆ, ಇಂದಿನ ಹಾರ್ನಿಮನ್ ವೃತ್ತ ಇರುವಲ್ಲಿ ಇತ್ತು. 1844ರಲ್ಲಿ ಕೊಲಾಬಕ್ಕೆ ಹೋಯಿತು. ಇಪ್ಪತ್ತನೆಯ ಶತಮಾನದಲ್ಲಿ ಶಿವಡಿಯ ಕಡೆಗೆ ಬಂದು ನೆಲೆಸಿತು. ಕೊಲಾಬದ ಆ ಬಯಲಿನಲ್ಲಿ 1861ರಿಂದ 1865ರವರೆಗೆ ನಡೆದ ವ್ಯಾಪಾರವೇ ನಮ್ಮ ಈ ಲೇಖನದ ವಸ್ತು. ಆ ನಾಲ್ಕು ವರ್ಷಗಳಲ್ಲಿ ಮುಂಬಯಿಯ ಸಾವಿರಾರು ಜನರ ಭಾಗ್ಯವನ್ನು ನಿರ್ಣಯಿಸಿದ್ದು ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ ಗರ್ಜಿಸುತ್ತಿದ್ದ ಫಿರಂಗಿಗಳು.

ಎರಡು ಕೋಣಗಳು ಕಾದಾಡಿದರೆ ನಡುವಿನ ಗಿಡಕ್ಕೆ ಕೇಡೆಂದು ನಮ್ಮ ಹಿರಿಯರು ಹೇಳುತ್ತಾರೆ. ಯುದ್ಧವೆಂದರೆ ಸೈನಿಕರು ರಣರಂಗದಲ್ಲಿ ಹೋರಾಡುವುದು, ಒಬ್ಬರು ಗೆಲ್ಲುವುದು, ಇನ್ನೊಬ್ಬರು ಸೋಲುವುದು ಎಂದಷ್ಟೇ ನಾವು ಪಾಠಪುಸ್ತಕಗಳಿಂದ ತಿಳಿಯುತ್ತೇವೆ. ಆದರೆ ಯುದ್ಧದ ಪರಿಣಾಮಗಳು ರಣರಂಗದ ಎಲ್ಲೆಯನ್ನು ದಾಟಿ ಬಹುದೂರ ಹರಿಯುತ್ತವೆ. ಯುದ್ಧದ ಹೆಸರನ್ನೇ ಕೇಳದ ಒಕ್ಕಲಿಗನ ಹೊಲ, ಅದರಲ್ಲಿ ಯಾವ ಪಾತ್ರವೂ ಇಲ್ಲದ ನೇಕಾರನ ಮಗ್ಗ, ಅಂಗಡಿಕಾರನ ತಕ್ಕಡಿ, ಗೃಹಿಣಿಯ ಅಡುಗೆಮನೆ ಇವೆಲ್ಲಕ್ಕೂ ಅದು ಮುಟ್ಟುತ್ತದೆ. ಯುದ್ಧವು ನಿಂತ ಮೇಲೂ ಆ ಪರಿಣಾಮಗಳು ನಿಲ್ಲುವುದಿಲ್ಲ. ಇದು ಹೇಗೆ ನಡೆಯುತ್ತದೆಂಬುದನ್ನು ಒಂದೇ ಒಂದು ಉದಾಹರಣೆಯನ್ನು ಹಿಡಿದು ವಿಚಾರಿಸುವುದು ಲೇಸೆಂದು ನಮಗೆ ತೋರಿದೆ. ಆ ಉದಾಹರಣೆಯೇ ಅಮೇರಿಕೆಯ ಅಂತರ್ಯುದ್ಧ. ಅದು ಅಮೇರಿಕೆಯಲ್ಲಿ ಹೊತ್ತಿತು. ಇಂಗ್ಲೆಂಡಿನಲ್ಲಿ ಹಸಿವನ್ನು ತಂದಿತು. ಮುಂಬಯಿಯಲ್ಲಿ ಸಂಪತ್ತನ್ನು ಸುರಿಸಿ, ಬಳಿಕ ಅದನ್ನು ಕಸಿದುಕೊಂಡಿತು. ನಮ್ಮ ಧಾರವಾಡದ ಕರಿಯ ಮಣ್ಣಿಗೂ ಕಾರವಾರದ ಕಡಲತೀರಕ್ಕೂ ಬಂದು ತಾಕಿತು.

ಯುದ್ಧಕ್ಕೆ ಮೊದಲು

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡು ಜಗತ್ತಿನ ಅತಿ ದೊಡ್ಡ ಬಟ್ಟೆಯ ಕಾರ್ಖಾನೆಯಾಗಿತ್ತು. ಅದರ ಲ್ಯಾಂಕಾಶೈರ್ ಪ್ರಾಂತದ ಮ್ಯಾಂಚೆಸ್ಟರ್ ಮೊದಲಾದ ಊರುಗಳಲ್ಲಿ ನೂಲುವ ಮತ್ತು ನೇಯುವ ಗಿರಣಿಗಳು ಸಾಲುಸಾಲಾಗಿ ನಿಂತಿದ್ದವು. ಆದರೆ ಇಂಗ್ಲೆಂಡಿನ ನೆಲದಲ್ಲಿ ಹತ್ತಿಯ ಒಂದು ಗಿಡವೂ ಬೆಳೆಯುವುದಿಲ್ಲ. ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಮೇರಿಕೆಯ ದಕ್ಷಿಣ ರಾಜ್ಯಗಳಿಂದ ಹಡಗುಗಳಲ್ಲಿ ಲಿವರ್‌ಪೂಲ್ ಬಂದರಿಗೆ ಬರುತ್ತಿತ್ತು. ಅಲ್ಲಿ ಅದನ್ನು ಬೆಳೆಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಜನರ ಸಂತತಿಯವರಾದ ಗುಲಾಮರು. ಯುದ್ಧವು ಪ್ರಾರಂಭವಾದಾಗ ಅವರ ಸಂಖ್ಯೆ ಸುಮಾರು 40 ಲಕ್ಷವಾಗಿತ್ತು. ಅವರಿಗೆ ಕೂಲಿಯಿಲ್ಲ, ಸ್ವಾತಂತ್ರ್ಯವಿಲ್ಲ. ತಾಯಿಯಿಂದ ಮಗುವನ್ನು ಬೇರ್ಪಡಿಸಿ ಮಾರುವುದಕ್ಕೂ ಒಡೆಯನಿಗೆ ಅಧಿಕಾರವಿತ್ತು. ಇಂಗ್ಲೆಂಡಿನ ಬಟ್ಟೆಯು ಅಗ್ಗವಾಗಿದ್ದುದರ ಹಿಂದೆ ಯಂತ್ರದ ಬಲವು ಎಷ್ಟಿತ್ತೋ ಈ ಅನ್ಯಾಯದ ಬಲವೂ ಅಷ್ಟೇ ಇತ್ತು.

ಭಾರತದ ಹತ್ತಿಯೂ ಇಂಗ್ಲೆಂಡಿಗೆ ಹೋಗುತ್ತಿತ್ತು. ಆದರೆ ಅದಕ್ಕೆ ಎರಡನೆಯ ಪಂಕ್ತಿ. ಪಶ್ಚಿಮ ಭಾರತದಿಂದ ಬಂದ ಹತ್ತಿಗೆಲ್ಲ ಇಂಗ್ಲಿಷರು ‘ಸೂರತ್’ ಎಂಬ ಒಂದೇ ಹೆಸರನ್ನು ಇಟ್ಟಿದ್ದರು. ಅದರ ಎಳೆ ಗಿಡ್ಡ. ಯಂತ್ರದಲ್ಲಿ ಬೇಗ ತುಂಡಾಗುತ್ತಿತ್ತು. ಅದರಲ್ಲಿ ಎಲೆ, ಬೀಜ, ಮಣ್ಣು ಬೆರೆತಿರುತ್ತಿದ್ದವು. ಅಮೇರಿಕೆಯ ಹತ್ತಿಗೆ ಬೆಲೆ ಏರಿದ ವರ್ಷಗಳಲ್ಲಿ ಗಿರಣಿಯವರು ಸೂರತ್ ಹತ್ತಿಯನ್ನು ನೆನೆಯುತ್ತಿದ್ದರು. ಬೆಲೆ ಇಳಿದೊಡನೆ ಮರೆಯುತ್ತಿದ್ದರು.

ದಾರಿ ಮುಚ್ಚಿತು

ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೇರಿಕೆಯ ಉತ್ತರ ಮತ್ತು ದಕ್ಷಿಣಗಳ ನಡುವೆ ಬಹುಕಾಲದಿಂದ ಹೊಗೆಯಾಡುತ್ತಿದ್ದ ವೈಮನಸ್ಯವು 1861ರ ಏಪ್ರಿಲ್ 12ರಂದು ಯುದ್ಧವಾಗಿ ಹೊತ್ತಿಕೊಂಡಿತು. ದಕ್ಷಿಣದ ಹನ್ನೊಂದು ರಾಜ್ಯಗಳು ಒಕ್ಕೂಟವನ್ನು ಬಿಟ್ಟು ಬೇರೆಯಾದವು. ರಾಷ್ಟ್ರಾಧ್ಯಕ್ಷನಾಗಿದ್ದ ಅಬ್ರಹಾಂ ಲಿಂಕನ್ ದಕ್ಷಿಣದ ಬಂದರುಗಳಿಗೆಲ್ಲ ನೌಕಾಪಡೆಯ ದಿಗ್ಬಂಧನವನ್ನು ಹಾಕಿದನು. ದಕ್ಷಿಣದವರು ತಾವಾಗಿಯೇ ಇನ್ನೊಂದು ಬಾಗಿಲನ್ನು ಮುಚ್ಚಿದರು. ಹತ್ತಿಯಿಲ್ಲದೆ ಇಂಗ್ಲೆಂಡು ಬದುಕಲಾರದು. ಹತ್ತಿಯನ್ನು ತಡೆಹಿಡಿದರೆ ಅದು ನಮ್ಮ ಸಹಾಯಕ್ಕೆ ಬಂದೇ ಬರುವುದು ಎಂದು ನಂಬಿ, ಮೊದಲ ವರ್ಷ ಅವರೇ ಹತ್ತಿಯನ್ನು ಹೊರಗೆ ಕಳುಹಿಸದಾದರು. ಸರಕನ್ನೇ ಆಯುಧವಾಗಿ ಬಳಸುವ ಯುಕ್ತಿ ಎಷ್ಟು ಹಳೆಯದೆಂಬುದನ್ನು ಇದರಿಂದ ನಾವು ತಿಳಿಯಬಹುದು.

ಆ ಯುಕ್ತಿ ಫಲಿಸಲಿಲ್ಲ. 1860ರ ಬೆಳೆಯು ಬಹು ಸಮೃದ್ಧವಾಗಿದ್ದುದರಿಂದ ಇಂಗ್ಲೆಂಡಿನ ಉಗ್ರಾಣಗಳು ಆಗ ತುಂಬಿದ್ದವು. ಕೊರತೆಯು ಒಮ್ಮೆಲೇ ತಲೆದೋರಲಿಲ್ಲ. ಆದರೆ ಬೆಲೆಯು ಇಂದಿನ ಸರಕನ್ನು ಮಾತ್ರ ನೋಡಿ ನಿಲ್ಲುವಂಥದಲ್ಲ. ನಾಳೆಯ ಭಯವನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಯುದ್ಧವು ಬೇಗ ಮುಗಿಯದೆಂದು ಮನವರಿಕೆಯಾದಂತೆ ಹತ್ತಿಯ ದರವು ಏರತೊಡಗಿತು. ಯುದ್ಧದ ಮೊದಲು ಲಿವರ್‌ಪೂಲಿನಲ್ಲಿ ಒಂದು ಪೌಂಡು ತೂಕದ ಅಮೇರಿಕೆಯ ಹತ್ತಿಗೆ ಸುಮಾರು 7 ಪೆನ್ನಿ ಬೆಲೆಯಿತ್ತು. 1864ರ ನಡುವಿನಲ್ಲಿ ಅದು ಸುಮಾರು 30 ಪೆನ್ನಿಯನ್ನು ಮುಟ್ಟಿತು.

ಲ್ಯಾಂಕಾಶೈರಿನ ಹಸಿವು

ಹತ್ತಿ ಬಾರದಾಗ ಗಿರಣಿಗಳು ಮೊದಲು ವಾರದಲ್ಲಿ ಕೆಲವೇ ದಿನ ನಡೆದವು; ಆಮೇಲೆ ಒಂದೊಂದಾಗಿ ಬಾಗಿಲು ಮುಚ್ಚಿದವು. 1862ರ ಕೊನೆಯ ವೇಳೆಗೆ ಲ್ಯಾಂಕಾಶೈರ್ ಮತ್ತು ಅದರ ನೆರೆಯ ಪ್ರಾಂತಗಳಲ್ಲಿ ಸುಮಾರು 5 ಲಕ್ಷ ಜನರು ಧರ್ಮಾರ್ಥದ ಅನ್ನಕ್ಕೆ ಕೈಯೊಡ್ಡಬೇಕಾಯಿತು. ದುಡಿದು ತಿನ್ನುತ್ತಿದ್ದ ಸ್ವಾಭಿಮಾನಿಗಳು ಮನೆಯ ಪಾತ್ರೆ, ಗಡಿಯಾರ, ಹೊದಿಕೆಗಳನ್ನು ಒತ್ತೆಯಿಟ್ಟರು. ಕೆಲಸ ಸಿಕ್ಕವರ ಪಾಡೂ ಸುಖಕರವಾಗಿರಲಿಲ್ಲ. ಅಮೇರಿಕೆಯ ನೀಳವಾದ ಎಳೆಗೆ ಹೊಂದಿಸಿದ್ದ ಯಂತ್ರದಲ್ಲಿ ಸೂರತ್ ಹತ್ತಿಯ ಎಳೆ ಮೇಲಿಂದ ಮೇಲೆ ಕಡಿಯುತ್ತಿತ್ತು. ಮಾಡಿದ ಕೆಲಸದ ಅಳತೆಗೆ ತಕ್ಕಂತೆ ಕೂಲಿಯಾದ್ದರಿಂದ, ಎಳೆ ಕಡಿದಷ್ಟೂ ಕೂಲಿ ಇಳಿಯುತ್ತಿತ್ತು. ಹತ್ತಿಯನ್ನು ಕರುಣಿಸೆಂದು ದೇವರಲ್ಲಿ ಪ್ರಾರ್ಥಿಸುತ್ತಿದ್ದಾಗ, ಸೂರತ್ ಹತ್ತಿ ಮಾತ್ರ ಬೇಡವೆಂದು ಯಾರೋ ನಡುವೆ ಕೂಗಿದರೆಂಬ ಕಥೆ ಆ ಕಾಲದ್ದು.

ಇಲ್ಲಿ ನಾವು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಇಂಗ್ಲೆಂಡಿನ ಸರ್ಕಾರವು ದಿಗ್ಬಂಧನವನ್ನು ಮುರಿದು ಹತ್ತಿಯನ್ನು ತರಬೇಕೆಂದು ಒತ್ತಾಯಿಸುವವರು ಆ ದೇಶದಲ್ಲಿ ಅನೇಕರಿದ್ದರು. ಹಸಿದವರೂ ಅದನ್ನೇ ಕೇಳಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಕೆಲವು ಊರುಗಳಲ್ಲಿ ಹಾಗೆ ಕೇಳಿದವರೂ ಇದ್ದರು. ಆದರೆ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನಲ್ಲಿ ಕೂಡಿದ ಕಾರ್ಮಿಕರ ಮತ್ತು ನಾಗರಿಕರ ಸಭೆಯು, ಗುಲಾಮಗಿರಿಯನ್ನು ಅಳಿಸುವ ಕಾರ್ಯದಲ್ಲಿ ತಮ್ಮ ಬೆಂಬಲ ಲಿಂಕನ್ನನಿಗೆ ಇದೆಯೆಂದು ಅವನಿಗೆ ಪತ್ರವನ್ನು ಕಳುಹಿಸಿತು. ಮರುದಿನವೇ, 1863ರ ಜನವರಿ 1ರಂದು, ಬಂಡೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರೆಂಬ ಘೋಷಣೆಯು ಹೊರಟಿತು. ಜನವರಿ 19ರಂದು ಲಿಂಕನ್ ಮ್ಯಾಂಚೆಸ್ಟರಿನ ಕಾರ್ಮಿಕರಿಗೆ ಕೃತಜ್ಞತೆಯ ಉತ್ತರವನ್ನು ಬರೆದನು. ಫೆಬ್ರವರಿಯಲ್ಲಿ ‘ಜಾರ್ಜ್ ಗ್ರಿಸ್ವೋಲ್ಡ್’ ಎಂಬ ಹಡಗು ಅಮೇರಿಕೆಯ ಜನರು ಕೊಟ್ಟ ಹಿಟ್ಟು ಮೊದಲಾದ ಆಹಾರ ಪದಾರ್ಥಗಳನ್ನು ಹೊತ್ತು ಲಿವರ್‌ಪೂಲಿಗೆ ಬಂದಿತು. ಲಿಂಕನ್ನನ ಪ್ರತಿಮೆಯೊಂದು ಇಂದಿಗೂ ಮ್ಯಾಂಚೆಸ್ಟರಿನಲ್ಲಿ ನಿಂತಿದೆ. ಹೊಟ್ಟೆಯ ಲೆಕ್ಕಕ್ಕಿಂತ ದೊಡ್ಡದಾದ ಲೆಕ್ಕವೊಂದುಂಟೆಂದು ಆ ಹಸಿದ ಜನರು ತೋರಿಸಿಕೊಟ್ಟರು.

ಮುಂಬಯಿಯ ಮೇಲೆ ಹೊನ್ನಿನ ಮಳೆ

ಒಂದು ದಾರಿ ಮುಚ್ಚಿದಾಗ ವ್ಯಾಪಾರವು ಇನ್ನೊಂದು ದಾರಿಯನ್ನು ಹುಡುಕುತ್ತದೆ. 1862ರಲ್ಲಿ ಇಂಗ್ಲೆಂಡಿಗೆ ಬಂದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಭಾರತದ್ದೇ ಆಗಿತ್ತು. ನಿನ್ನೆ ತಾತ್ಸಾರಕ್ಕೆ ಗುರಿಯಾಗಿದ್ದ ಸೂರತ್ ಹತ್ತಿ ಇಂದು ಸಿಂಹಾಸನವೇರಿತು. 1863ರಲ್ಲಿ ಭೋರ್ ಘಟ್ಟದ ರೈಲುಮಾರ್ಗವು ತೆರೆದುದರಿಂದ ದಖ್ಖನಿನ ಹತ್ತಿಗೆ ಮುಂಬಯಿಯ ದಾರಿ ಸುಗಮವಾಯಿತು. ಹತ್ತಿಯ ದರವು ಎಷ್ಟು ಏರಿತೆಂದರೆ, ಜನರು ಹಾಸಿಗೆ ದಿಂಬುಗಳನ್ನು ಬಿಚ್ಚಿ ಅದರೊಳಗಿನ ಹಳೆಯ ಅರಳೆಯನ್ನು ಮಾರಿದರೆಂದು ಆ ಕಾಲವನ್ನು ಕಂಡವರು ಬರೆದಿಟ್ಟಿದ್ದಾರೆ. ಸಾಧಾರಣ ಬೆಲೆಗಿಂತ ಹೆಚ್ಚಾಗಿ ಈ ಯುದ್ಧದ ವರ್ಷಗಳಲ್ಲಿ ಮುಂಬಯಿಗೆ ಬಂದ ಹಣವು ಸುಮಾರು 8 ಕೋಟಿ ಪೌಂಡುಗಳೆಂದು ಹಳೆಯ ಗ್ಯಾಸೆಟಿಯರುಗಳು ಲೆಕ್ಕ ಹಾಕಿವೆ.

ಇಷ್ಟು ಹಣ ಒಮ್ಮೆಗೇ ಬಂದಾಗ ಅದನ್ನು ತೊಡಗಿಸುವುದೆಲ್ಲಿ? ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಎಲ್ಲರೂ ಒಟ್ಟಿಗೆ ನೆನೆದರು. ದಿನಕ್ಕೊಂದು ಕಂಪನಿ ಹುಟ್ಟಿತು. 1865ರ ಪ್ರಾರಂಭದಲ್ಲಿ ಮುಂಬಯಿಯಲ್ಲಿ 31 ಬ್ಯಾಂಕುಗಳೂ 16 ಹಣಕಾಸಿನ ಸಂಘಗಳೂ 8 ಭೂಮಿಯ ಕಂಪನಿಗಳೂ 20 ವಿಮಾ ಕಂಪನಿಗಳೂ ಇದ್ದವು. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಕಡಲನ್ನು ತುಂಬಿ ನೆಲ ಮಾಡಲು ಹೊರಟ ಬ್ಯಾಕ್ ಬೇ ಕಂಪನಿ. 5,000 ರೂಪಾಯಿ ತುಂಬಿದ ಅದರ ಒಂದು ಷೇರು ಅದರ ಹತ್ತು ಪಟ್ಟು ಬೆಲೆಗೆ ಮಾರಾಟವಾಯಿತು. ಇನ್ನೂ ನೀರಿನಡಿಯಲ್ಲಿದ್ದ ಭೂಮಿಗೆ ಈ ಬೆಲೆ! ಈ ಎಲ್ಲ ವ್ಯವಹಾರಗಳ ಸೂತ್ರಧಾರನಾಗಿ ಮೆರೆದವನು ಪ್ರೇಮಚಂದ ರಾಯಚಂದ ಎಂಬ ವರ್ತಕ.

ಈ ಏರಿಕೆಯ ಒಳಗುಟ್ಟನ್ನು ವಿದ್ಯಾರ್ಥಿಗಳು ಅರಿತುಕೊಳ್ಳಬೇಕು. ಜನರು ಬ್ಯಾಂಕಿನಲ್ಲಿ ಸಾಲ ತೆಗೆದು ಷೇರುಗಳನ್ನು ಕೊಂಡರು. ಅದೇ ಷೇರುಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಮತ್ತೆ ಸಾಲ ಪಡೆದರು. ಸಾಲವು ಹೆಚ್ಚಿದಂತೆ ಷೇರಿಗೆ ಗಿರಾಕಿಗಳು ಹೆಚ್ಚಿದರು. ಗಿರಾಕಿಗಳು ಹೆಚ್ಚಿದಂತೆ ಷೇರಿನ ಬೆಲೆ ಏರಿತು. ಬೆಲೆ ಏರಿದಂತೆ ಒತ್ತೆಯ ಮೌಲ್ಯವೂ ಏರಿ ಇನ್ನಷ್ಟು ಸಾಲ ಹುಟ್ಟಿತು. ಒಂದನ್ನೊಂದು ಆತುಕೊಂಡು ನಿಂತ ಎರಡು ಕಂಬಗಳಂತೆ ಇವು ನಿಂತಿದ್ದವು. ಎರಡಕ್ಕೂ ಬುಡದಲ್ಲಿ ನೆಲವಿರಲಿಲ್ಲ. ಸರ್ಕಾರದ ಪಾಲೂ ಇದ್ದ ಬ್ಯಾಂಕ್ ಆಫ್ ಬಾಂಬೆಗೆ 1863ರ ಕಾಯಿದೆಯು ಇಂಥ ಒತ್ತೆಯ ಮೇಲೆ ಸಾಲ ಕೊಡುವ ಸ್ವಾತಂತ್ರ್ಯವನ್ನು ಕೊಟ್ಟಿತ್ತು. ಅಲ್ಲದೆ, 1865ರ ಜುಲೈ 1ರಂದು ಷೇರುಗಳನ್ನು ಇಂತಿಷ್ಟು ಬೆಲೆಗೆ ಕೊಳ್ಳುತ್ತೇನೆಂದು ಮೊದಲೇ ವಾಯಿದೆಯ ಕರಾರು ಮಾಡಿಕೊಂಡವರು ಲೆಕ್ಕವಿಲ್ಲದಷ್ಟು ಮಂದಿ ಇದ್ದರು. ಅಂದಿನವರೆಗೂ ಯುದ್ಧವು ನಡೆಯುತ್ತಲೇ ಇರುವುದೆಂಬುದು ಅವರೆಲ್ಲರ ಮನಸ್ಸಿನ ಹೇಳದ ನಂಬಿಕೆಯಾಗಿತ್ತು.

ಧಾರವಾಡದ ಹತ್ತಿ, ಕಾರವಾರದ ದಾರಿ

ಈ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಪಾಲುಂಟು. ಧಾರವಾಡ ಪ್ರಾಂತದ ಎರೆಯ ಹೊಲಗಳಲ್ಲಿ ಹತ್ತಿಯು ಹಿಂದಿನಿಂದಲೂ ಬೆಳೆಯುತ್ತಿತ್ತು. ಅದನ್ನು ಎತ್ತಿನ ಬಂಡಿಗಳ ಮೇಲೂ ಹೇರೆತ್ತುಗಳ ಮೇಲೂ ಹೇರಿ, ಸಹ್ಯಾದ್ರಿಯ ಘಟ್ಟಗಳನ್ನಿಳಿಸಿ ಕುಮಟೆಯ ಬಂದರಿಗೆ ತಂದು, ಅಲ್ಲಿಂದ ಮುಂಬಯಿಗೆ ಸಾಗಿಸುತ್ತಿದ್ದರು. ಈ ಕಾರಣದಿಂದ ಆ ಹತ್ತಿಗೆ ವ್ಯಾಪಾರದಲ್ಲಿ ‘ಕುಮಟೆಯ ಹತ್ತಿ’ ಎಂದೇ ಹೆಸರಾಯಿತು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಸರಕಿಗೆ ಹೊಲದ ಹೆಸರು ಹೋಗಿ ದಾರಿಯ ಹೆಸರು ಬಂದಿತು. 1840ರ ದಶಕದಲ್ಲಿ ಅಮೇರಿಕೆಯ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನೂ ಧಾರವಾಡದಲ್ಲಿ ಬಿತ್ತಲಾಯಿತು. ಅದು ಇಲ್ಲಿನ ಮಣ್ಣಿಗೆ ಒಗ್ಗಿ ‘ಧಾರವಾಡ ಅಮೇರಿಕನ್’ ಎಂದು ಪ್ರಸಿದ್ಧವಾಯಿತು. ಅಮೇರಿಕೆಯ ಹತ್ತಿಗೆ ಬರಗಾಲ ಬಂದಾಗ ಮ್ಯಾಂಚೆಸ್ಟರಿನವರ ಕಣ್ಣು ಈ ಪ್ರಾಂತದ ಮೇಲೆ ಬಿದ್ದುದು ಸಹಜವೇ.

ಕಾರವಾರದ ಬಂದರು ಕುಮಟೆಗಿಂತ ಆಳವಾದುದು, ಸುರಕ್ಷಿತವಾದುದು. ಧಾರವಾಡದಿಂದ ಅಲ್ಲಿಗೆ ಒಳ್ಳೆಯ ರಸ್ತೆಯಾದರೆ ಹತ್ತಿಯನ್ನು ನೆಟ್ಟಗೆ ಇಂಗ್ಲೆಂಡಿಗೆ ಸಾಗಿಸಬಹುದೆಂದು ಅಲ್ಲಿನ ವರ್ತಕರು ವಾದಿಸಿದರು. ಆದರೆ ಹೊಲಗಳು ಮುಂಬಯಿ ಪ್ರಾಂತದಲ್ಲಿಯೂ ಬಂದರು ಮದರಾಸು ಪ್ರಾಂತದಲ್ಲಿಯೂ ಇದ್ದವು. ಈ ತೊಡಕನ್ನು ಬಿಡಿಸಲು 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಲಾಯಿತು. ಈ ಬೇಡಿಕೆಯು ಯುದ್ಧಕ್ಕೆ ಮೊದಲೇ ಹುಟ್ಟಿದ್ದರೂ ಅದಕ್ಕೆ ಅವಸರವನ್ನು ತಂದದ್ದು ಯುದ್ಧವೇ. ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿಯಿತು. 1956ರಲ್ಲಿ ಕನ್ನಡ ನಾಡು ಒಂದಾಗುವವರೆಗೆ ಈ ಎರಡು ಜಿಲ್ಲೆಗಳು ಬೇರೆ ಬೇರೆ ಆಡಳಿತದ ಕೆಳಗೆ ಇದ್ದುದರ ಹಿಂದೆ ಹತ್ತಿಯ ಈ ಲೆಕ್ಕಾಚಾರವಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಮ್ಯಾಂಚೆಸ್ಟರಿನ ಕಂಪನಿಯೊಂದು ಕಾರವಾರದ ಬಳಿಯ ಸದಾಶಿವಗಡಕ್ಕೆ ತನ್ನ ಜನರನ್ನೂ ಯಂತ್ರಗಳನ್ನೂ ಕಳುಹಿಸಿತು. ಅವರು ಬಂದು ನೋಡಿದಾಗ ರಸ್ತೆಯೂ ಪೂರ್ಣವಾಗಿರಲಿಲ್ಲ, ಧಕ್ಕೆಯೂ ಸಿದ್ಧವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿಯು ವ್ಯವಹಾರವನ್ನು ಮುಗಿಸಿತು. ಇತ್ತ ಬೆಲೆಯ ಆಸೆಯಿಂದ ಹತ್ತಿಗೆ ಮಣ್ಣು, ಬೀಜ, ನೀರು ಬೆರೆಸುವ ಮೋಸವು ಹೆಚ್ಚಿ, ಅದನ್ನು ತಡೆಯಲು 1863ರಲ್ಲಿ ಮುಂಬಯಿ ಸರ್ಕಾರವು ಕಾಯಿದೆಯನ್ನೇ ಮಾಡಬೇಕಾಯಿತು. ಒಕ್ಕಲಿಗರು ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹೊಡೆಸಿದರೆಂಬ ಮಾತು ಈ ಪ್ರಾಂತದಲ್ಲಿ ಹರಡಿತ್ತು. ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇತ್ತು. ಜೋಳ ಬಿತ್ತುತ್ತಿದ್ದ ಹೊಲಗಳಲ್ಲಿ ಹತ್ತಿ ಬಿತ್ತಿದಾಗ ಕಾಳಿನ ದರ ಏರಿತು. ಹತ್ತಿಯೆಲ್ಲ ಹಡಗು ಹತ್ತಿದಾಗ ನಮ್ಮ ನೇಕಾರನಿಗೆ ನೂಲು ಸಿಗದಾಯಿತು. ಸಿಕ್ಕರೂ ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಮ್ಯಾಂಚೆಸ್ಟರಿನ ಕಾರ್ಮಿಕನಿಗೆ ಬಂದ ಕಷ್ಟವೇ ನಮ್ಮ ಮಗ್ಗದವನಿಗೂ ಬಂದಿತು. ಅವನಿಗೆ ಹಿಟ್ಟಿನ ಹಡಗು ಮಾತ್ರ ಬರಲಿಲ್ಲ.

ಶಾಂತಿಯ ಸುದ್ದಿ

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿಯಾದ ಲೀ ಶರಣಾಗತನಾದನು. ಕಡಿಮೆಯೆಂದರೂ ಆರು ಲಕ್ಷ ಸೈನಿಕರನ್ನು ಬಲಿ ತೆಗೆದುಕೊಂಡ ಯುದ್ಧವು ಕೊನೆಗಂಡಿತು. ಗುಲಾಮಗಿರಿಯು ಅದೇ ವರ್ಷ ಸಂವಿಧಾನದ ತಿದ್ದುಪಡಿಯಿಂದ ಶಾಶ್ವತವಾಗಿ ಅಳಿಯಿತು. ಮಾನವಕುಲವೆಲ್ಲ ಹರ್ಷಿಸಬೇಕಾದ ಸುದ್ದಿ ಇದು. ಆದರೆ ಮುಂಬಯಿಯ ಪೇಟೆಗೆ ಈ ಸುದ್ದಿ ಸಿಡಿಲಿನಂತೆ ಎರಗಿತು. ಶಾಂತಿಯಾಯಿತೆಂದು ಒಂದು ನಗರವು ಗೋಳಾಡುವಂತಾದುದೇ, ಆ ಸಂಪತ್ತಿನ ತಳಹದಿ ಎಂಥದಾಗಿತ್ತೆಂಬುದಕ್ಕೆ ಸಾಕ್ಷಿ.

ಹತ್ತಿಯ ದರ ಕುಸಿಯಿತು. ದರದ ಹಿಂದೆ ಷೇರುಗಳು ಕುಸಿದವು. ಜುಲೈ 1ರ ವಾಯಿದೆಯ ದಿನ ಬಂದಾಗ ಕೊಳ್ಳುತ್ತೇನೆಂದವರ ಬಳಿ ಹಣವಿರಲಿಲ್ಲ, ಮಾರುತ್ತೇನೆಂದವರಿಗೆ ಗಿರಾಕಿಗಳಿರಲಿಲ್ಲ. ಹಿಂದೆ 2,850 ರೂಪಾಯಿಯವರೆಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು ಕೊನೆಗೆ 87 ರೂಪಾಯಿಗೆ ಮಾರಾಟವಾಯಿತು. ಆ ಬ್ಯಾಂಕೇ 1868ರಲ್ಲಿ ಮುಚ್ಚಿಹೋಗಿ, ಅದರ ಸ್ಥಾನದಲ್ಲಿ ಅದೇ ಹೆಸರಿನ ಹೊಸ ಬ್ಯಾಂಕನ್ನು ಸ್ಥಾಪಿಸಬೇಕಾಯಿತು. ಪ್ರೇಮಚಂದ ರಾಯಚಂದನು ದಿವಾಳಿಯಾದನು. ಕೆಲಸವನ್ನು ಅರಸಿ ಬಂದಿದ್ದ ಜನರು ಊರಿಗೆ ಮರಳಿದರು. 1864ರ ಗಣತಿಯಲ್ಲಿ 8,16,562 ಇದ್ದ ಮುಂಬಯಿಯ ಜನಸಂಖ್ಯೆಯು 1872ರ ಗಣತಿಯಲ್ಲಿ 6,44,405ಕ್ಕೆ ಇಳಿದಿತ್ತು. ಈ ಎರಡು ಅಂಕೆಗಳ ನಡುವೆ ಎಷ್ಟು ಸಂಸಾರಗಳ ಕಣ್ಣೀರು ಅಡಗಿದೆಯೋ ಊಹಿಸಿಕೊಳ್ಳಬೇಕು.

ಸಾಲಕ್ಕೆ ಶಾಂತಿಯಿಲ್ಲ

ಬೆಲೆಯು ಇಳಿಯುವಾಗ ಒಂದೇ ದಿನದಲ್ಲಿ ಇಳಿಯುತ್ತದೆ. ಬೆಲೆ ಏರಿದಾಗ ಮಾಡಿದ ಸಾಲ ಹಾಗೆ ಇಳಿಯುವುದಿಲ್ಲ. ಹತ್ತಿಗೆ ದರವಿದ್ದಾಗ ಸಾಹುಕಾರರು ರೈತನನ್ನು ಕರೆದು ಕರೆದು ಸಾಲ ಕೊಟ್ಟಿದ್ದರು. ದರ ಬಿದ್ದಾಗ ಅವರೇ ಕೈ ಹಿಂತೆಗೆದು ಹಳೆಯ ಬಾಕಿಯನ್ನು ಕೇಳಿದರು. ಅದೇ ಕಾಲಕ್ಕೆ ಸರ್ಕಾರವು ದಖ್ಖನಿನಲ್ಲಿ ಭೂಕಂದಾಯವನ್ನು ಹೆಚ್ಚಿಸಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಆ ದಂಗೆ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ಊರುಗಳಿಗೆ ಹರಡಿತು. 1879ರಲ್ಲಿ ದಖ್ಖನಿನ ರೈತರ ಪರಿಹಾರಕ್ಕಾಗಿ ಕಾಯಿದೆಯಾಯಿತು. ಅಮೇರಿಕೆಯಲ್ಲಿ ಗುಂಡು ನಿಂತು ಹತ್ತು ವರ್ಷಗಳಾದ ಮೇಲೆ ಅದರ ಪ್ರತಿಧ್ವನಿ ಮಹಾರಾಷ್ಟ್ರದ ಹಳ್ಳಿಯಲ್ಲಿ ಕೇಳಿಸಿತು.

ಈಜಿಪ್ತಿನ ಕಥೆಯೂ ಇಂಥದೇ. ಅದರ ದೊರೆಯಾದ ಇಸ್ಮಾಯಿಲನು ಹತ್ತಿಯ ಸಂಪತ್ತನ್ನು ಶಾಶ್ವತವೆಂದು ನಂಬಿ ಯೂರೋಪಿನಲ್ಲಿ ಅಪಾರ ಸಾಲವೆತ್ತಿದನು. 1876ರಲ್ಲಿ ದೇಶವು ದಿವಾಳಿಯಾಯಿತು; 1882ರಲ್ಲಿ ಇಂಗ್ಲಿಷರ ಸೈನ್ಯವು ಅದನ್ನು ಆಕ್ರಮಿಸಿತು. ಅಮೇರಿಕೆಯ ದಕ್ಷಿಣದಲ್ಲಿ ಸ್ವತಂತ್ರರಾದ ನೀಗ್ರೋ ಜನರಿಗೆ ಭೂಮಿಯನ್ನು ಯಾರೂ ಕೊಡಲಿಲ್ಲ. ಅವರು ಹಳೆಯ ಒಡೆಯರ ಹೊಲಗಳನ್ನೇ ಪಾಲಿಗೆ ಮಾಡಿ, ಬೀಜಕ್ಕೂ ಊಟಕ್ಕೂ ಸಾಲ ಪಡೆದು, ಬೆಳೆಯನ್ನು ಸಾಲಗಾರನಿಗೆ ಒಪ್ಪಿಸುತ್ತ ಹೊಸದೊಂದು ಬಂಧನದಲ್ಲಿ ಸಿಲುಕಿದರು.

ಆದರೂ ಎಲ್ಲವೂ ಹಾಳಾಯಿತೆಂದು ಹೇಳಲಾಗದು. ಆ ಹಣದ ಒಂದು ಅಂಶವು ಷೇರಿನ ಕಾಗದದಲ್ಲಿ ಕರಗದೆ ವಿದ್ಯೆಯಲ್ಲಿಯೂ ಕಲ್ಲಿನಲ್ಲಿಯೂ ನಿಂತಿತು. ಪ್ರೇಮಚಂದನು ತನ್ನ ಉಚ್ಛ್ರಾಯದಲ್ಲಿ ಮುಂಬಯಿ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯಕ್ಕಾಗಿಯೂ ಗೋಪುರಕ್ಕಾಗಿಯೂ ಕೊಟ್ಟ ದಾನದಿಂದ, ಅವನ ತಾಯಿಯ ಹೆಸರನ್ನು ಹೊತ್ತ ರಾಜಾಬಾಯಿ ಗೋಪುರವು 1878ರಲ್ಲಿ ಪೂರ್ಣವಾಯಿತು. ಬ್ಯಾಕ್ ಬೇ ಕಂಪನಿಯು ತುಂಬಿದ ನೆಲದ ಪಟ್ಟಿಯು ರೈಲುದಾರಿಗೆ ಉಪಯೋಗವಾಯಿತು. ಈ ಕುಸಿತದಲ್ಲಿ ಪೆಟ್ಟುತಿಂದ ತರುಣ ವರ್ತಕರಲ್ಲಿ ಜಮ್ಶೇಟ್‌ಜಿ ಟಾಟಾ ಒಬ್ಬರು. ಹತ್ತಿಯನ್ನು ಮಾರುವುದಕ್ಕಿಂತ ಬಟ್ಟೆಯನ್ನು ಮಾಡುವುದು ಲೇಸೆಂದು ಕಂಡುಕೊಂಡ ಅವರು 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಗಿರಣಿಯನ್ನು ತೆರೆದರು.

ಮುಂದಿನ ಯುದ್ಧಗಳು

ಈ ಒಂದು ಉದಾಹರಣೆಯಿಂದ ನಮಗೆ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು: ಯುದ್ಧವು ದಾರಿಗಳನ್ನು ಮುಚ್ಚುತ್ತದೆ, ದಾರಿ ಮುಚ್ಚಿದಾಗ ಸರಕು ಇದ್ದರೂ ಇಲ್ಲದಂತೆಯೇ. ಎರಡನೆಯದು: ಏರಿದ ಬೆಲೆಯು ದೂರದ ದೇಶಗಳ ಹೊಲ, ಹಣ, ದುಡಿಮೆಗಳನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ, ಆ ತಿರುವನ್ನು ಮತ್ತೆ ಸರಿಪಡಿಸುವುದು ಸುಲಭವಲ್ಲ. ಮೂರನೆಯದು: ಶಾಂತಿಯಾದ ಮೇಲೆ ಬೆಲೆ ಇಳಿಯುತ್ತದೆ, ಸಾಲ ಉಳಿಯುತ್ತದೆ, ಆ ಸಾಲವನ್ನು ಲೋಕವು ಹೇಗೆ ನಿರ್ವಹಿಸುವುದೋ ಅದರ ಮೇಲೆ ಮುಂದಿನ ಪೀಳಿಗೆಯ ಸುಖದುಃಖಗಳು ನಿಂತಿರುತ್ತವೆ.

ಮೂರನೆಯ ಮಾತಿಗೆ ಇಪ್ಪತ್ತನೆಯ ಶತಮಾನವೇ ಸಾಕ್ಷಿ. 1914ರಿಂದ 1918ರವರೆಗೆ ನಡೆದ ಮಹಾಯುದ್ಧದ ಬಳಿಕ, ಗೆದ್ದ ರಾಷ್ಟ್ರಗಳು ಜರ್ಮನಿಯ ಮೇಲೆ 13,200 ಕೋಟಿ ಚಿನ್ನದ ಮಾರ್ಕುಗಳ ದಂಡವನ್ನು 1921ರಲ್ಲಿ ಹೊರಿಸಿದವು. ಯುದ್ಧವನ್ನು ಸಾಲದಿಂದಲೇ ನಡೆಸಿದ್ದ ಜರ್ಮನಿಯು ನೋಟುಗಳನ್ನು ಅಚ್ಚುಹಾಕುತ್ತ ಹೋಯಿತು. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4,20,000 ಕೋಟಿ ಮಾರ್ಕುಗಳಾದವು. ಜೀವಮಾನವೆಲ್ಲ ಕೂಡಿಟ್ಟ ಹಣವು ಒಂದು ರೊಟ್ಟಿಗೂ ಸಾಲದಾದಾಗ ಜನರ ಮನಸ್ಸಿನಲ್ಲಿ ಹುಟ್ಟಿದ ಕಹಿಯು ಮುಂದೆ ಇನ್ನೊಂದು ಯುದ್ಧದ ಬೀಜಗಳಲ್ಲಿ ಒಂದಾಯಿತು.

ಎರಡನೆಯ ಮಹಾಯುದ್ಧವು ಮುಗಿಯುವ ಮೊದಲೇ, 1944ರ ಜುಲೈ ತಿಂಗಳಲ್ಲಿ, 44 ರಾಷ್ಟ್ರಗಳ ಪ್ರತಿನಿಧಿಗಳು ಅಮೇರಿಕೆಯ ಬ್ರೆಟನ್ ವುಡ್ಸ್ ಎಂಬಲ್ಲಿ ಸೇರಿದರು. ಇನ್ನೂ ಸ್ವತಂತ್ರವಾಗಿರದ ಭಾರತದ ಪ್ರತಿನಿಧಿಗಳೂ ಅಲ್ಲಿದ್ದರು. ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕುಗಳು ಅಲ್ಲಿಯೇ ರೂಪುಗೊಂಡವು. 1948ರಿಂದ ಅಮೇರಿಕೆಯು ಮಾರ್ಷಲ್ ಯೋಜನೆಯ ಮೂಲಕ ಯೂರೋಪಿಗೆ ಸುಮಾರು 1,300 ಕೋಟಿ ಡಾಲರುಗಳ ನೆರವನ್ನು ಕೊಟ್ಟಿತು. ಸೋತ ಪಶ್ಚಿಮ ಜರ್ಮನಿಗೂ ಅದರಲ್ಲಿ ಪಾಲು ದೊರೆಯಿತು. ಮೊದಲ ಸಲ ಸೋತವನಿಂದ ವಸೂಲು ಮಾಡಲು ಹೋಗಿ ಎಲ್ಲರೂ ಸೋತರು. ಎರಡನೆಯ ಸಲ ಸೋತವನನ್ನೂ ಎತ್ತಿ ನಿಲ್ಲಿಸಿದ್ದರಿಂದ ವ್ಯಾಪಾರವು ಚಿಗುರಿತು. ಈ ಹೋಲಿಕೆ ನೆನಪಿನಲ್ಲಿಡತಕ್ಕದ್ದು.

ದಾರಿ ಮುಚ್ಚುವ ಕಥೆಯು ಇಂದಿಗೂ ಹಳೆಯದಾಗಿಲ್ಲ. 1973ರ ಅಕ್ಟೋಬರಿನಲ್ಲಿ ಅರಬರಿಗೂ ಇಸ್ರೇಲಿಗೂ ಯುದ್ಧವಾದಾಗ, ಕೆಲವೇ ತಿಂಗಳುಗಳಲ್ಲಿ ಕಚ್ಚಾ ಎಣ್ಣೆಯ ದರವು ಸುಮಾರು ನಾಲ್ಕು ಪಟ್ಟಾಯಿತು. 2022ರ ಫೆಬ್ರವರಿಯಲ್ಲಿ ರಷ್ಯಾದ ಸೈನ್ಯವು ಯುಕ್ರೇನನ್ನು ಹೊಕ್ಕಾಗ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು. ಗೋದಿಯ ದರವು ಜಗತ್ತಿನಲ್ಲೆಲ್ಲ ಏರಿತು. ಭಾರತವು ಸೂರ್ಯಕಾಂತಿ ಎಣ್ಣೆಯ ಬಹುಭಾಗವನ್ನು ಯುಕ್ರೇನಿನಿಂದಲೇ ತರಿಸುತ್ತಿದ್ದುದರಿಂದ ನಮ್ಮ ಮನೆಗಳ ಎಣ್ಣೆಯ ಡಬ್ಬಿಗೂ ಆ ಯುದ್ಧವು ಕೈಯಿಕ್ಕಿತು. ಆ ದಿನಗಳಲ್ಲಿ ಅಂಗಡಿಯಿಂದ ಬಂದು ತಾಯಂದಿರು ಆಡಿದ ಮಾತುಗಳು ನಮ್ಮ ಹಿರಿಯ ತರಗತಿಗಳ ವಿದ್ಯಾರ್ಥಿಗಳಿಗೆ ನೆನಪಿರಬಹುದು. 1862ರ ಲ್ಯಾಂಕಾಶೈರಿನ ತಾಯಂದಿರೂ ಅಂಥದೇ ಮಾತನ್ನು ಆಡಿರಬೇಕು.

ವಿದ್ಯಾರ್ಥಿ ಮಿತ್ರರೇ, ಇನ್ನು ಮುಂದೆ ಪತ್ರಿಕೆಯಲ್ಲಿ ಯುದ್ಧದ ಸುದ್ದಿಯನ್ನು ಓದುವಾಗ, ಯಾರು ಗೆದ್ದರು ಯಾರು ಸೋತರು ಎಂಬುದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನೂ ಕೇಳಿಕೊಳ್ಳಿರಿ: ಈ ಯುದ್ಧದಿಂದ ಯಾವ ದಾರಿ ಮುಚ್ಚಿತು? ಅದರ ಸಾಲವನ್ನು ಕೊನೆಗೆ ತೀರಿಸುವವರು ಯಾರು? ಇನ್ನೊಬ್ಬರ ಸಂಕಟದಿಂದ ನಮ್ಮ ಮನೆಗೆ ಹಣ ಬರುವ ಕಾಲವೂ ಒಮ್ಮೊಮ್ಮೆ ಬರುತ್ತದೆ. ಆಗ ಮುಂಬಯಿಯ 1865ನೆಯ ವರ್ಷವನ್ನು ನೆನೆಯಬೇಕು. ಹಸಿದರೂ ಗುಲಾಮರ ಬಿಡುಗಡೆಯನ್ನು ಬಯಸಿದ ಮ್ಯಾಂಚೆಸ್ಟರಿನ ಕಾರ್ಮಿಕರನ್ನೂ ನೆನೆಯಬೇಕು. ಮುಂಬಯಿಯ ಕೋಟೆಯ ಭಾಗಕ್ಕೆ ಹೋದಾಗ ರಾಜಾಬಾಯಿ ಗೋಪುರದ ಮುಂದೆ ಒಂದು ಕ್ಷಣ ನಿಂತು ನೋಡಿರಿ. ಹತ್ತಿಯ ಹೊನ್ನಿನ ಮಳೆಯಲ್ಲಿ ಷೇರುಗಳಾದವೆಲ್ಲ ಕೊಚ್ಚಿಹೋದವು. ವಿದ್ಯೆಗೆಂದು ಕೊಟ್ಟದ್ದು ಮಾತ್ರ ಗಡಿಯಾರವಾಗಿ ಇಂದಿಗೂ ನಿಂತಿದೆ.